ಅತ್ತಿಗೆಯ ಉಪ್ಪುನೀರಿನ ರಾಸುಗಳು

ಹೋದ ತಿಂಗಳು ಕಾಲೇಜಿನ ಸಹೋದ್ಯೋಗಿಗಳ ಜೊತೆ ಕರಾವಳಿಗೆ ಹೋಗಿದ್ದೆ. ಬಸ್ಸಿಳಿದು, ಗಾಳಿಮರಗಳ ಸಾಲು ದಾಟಿ, ಇನ್ನೂ ಮರಳಿಗೆ ಕಾಲಿಡುವ ಮೊದಲೇ ಆ ವಾಸನೆ ಬಂತು. ಉಪ್ಪು, ಪಾಚಿ, ಒದ್ದೆ ಕಲ್ಲು... ಜೊತೆಯಲ್ಲಿದ್ದವರೆಲ್ಲ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ನೀರಿನ ಕಡೆ ಓಡಿದರು. ನಾನು ನಿಂತಲ್ಲೇ ನಿಂತೆ. ಅವರಿಗೆ ಅದು ಸಮುದ್ರದ ವಾಸನೆ. ನನಗೆ ಮಾತ್ರ ಅದು ತುಮಕೂರಿನ ಬಟವಾಡಿಯಲ್ಲಿ, ಹೈವೇ ಬಿಟ್ಟು ಸ್ವಲ್ಪ ಒಳಗಿರುವ ನಮ್ಮ ಮನೆಯ ನಡುಮನೆಯ ವಾಸನೆ. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು ಕೂತರೆ ಬರುತ್ತಿದ್ದ ವಾಸನೆ.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಗುಬ್ಬಿ ಕಡೆಯವಳು. ತೆಳ್ಳಗೆ, ಎತ್ತರವಾಗಿ ಇದ್ದಳು. ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಿದ್ದಳು. ಬಟವಾಡಿಯಲ್ಲೇ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಅಣ್ಣ, ಅವಳು, ನಮ್ಮ ಅಮ್ಮ, ಮೂರೇ ಜನ. ಅವರಿಗೆ ಮಕ್ಕಳಾಗಿರಲಿಲ್ಲ. ನಾನು ಮದುವೆಯಾಗಿ ಕುಣಿಗಲ್ ಸೇರಿದ್ದೆ, ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಅಮ್ಮನ ಮನೆಗೆ ಬರುತ್ತಿದ್ದೆ.

ಆ ಮನೆಗೆ ಸಮುದ್ರ ತಂದವನು ಅಣ್ಣ. ಯಾರೋ ಸ್ನೇಹಿತರ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ನೋಡಿ ಬಂದವನು, ತಾನೂ ಒಂದು ಮಾಡದೆ ಬಿಡಲಿಲ್ಲ. ನಡುಮನೆಯ ಒಂದು ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ ಬಂತು. ಫಿಲ್ಟರ್ ನೀರಿಗೆ ಚೀಲದ ಉಪ್ಪು ಬೆರೆಸಿ, ಅದೊಂದು ಹದಕ್ಕೆ ಬರುವವರೆಗೆ ತಿಂಗಳುಗಟ್ಟಲೆ ಕಾದು, ಕೊನೆಗೆ ನಾಲ್ಕಾರು ಗಟ್ಟಿ ಜಾತಿಯ ಮೀನುಗಳನ್ನು ಬಿಟ್ಟ. ಅವು ಅಂಗಡಿಯಲ್ಲಿ ಸಿಗುವ ಮೀನಿನ ಒಣ ಕಾಳು ತಿಂದುಕೊಂಡು ಹಾಯಾಗಿದ್ದವು. ಆಗ ಅತ್ತಿಗೆಗೆ ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನೆಲ ಒದ್ದೆಯಾಗುತ್ತೆ, ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಎಂದು ಗೊಣಗುತ್ತಿದ್ದಳು. ಅಣ್ಣ ನಗುತ್ತಿದ್ದ.

ಒಂದು ದಿನ ಬೆಳಿಗ್ಗೆ ಫ್ಯಾಕ್ಟರಿಗೆ ಹೊರಟವನು ಕ್ಯಾತ್ಸಂದ್ರದ ಹತ್ತಿರ ಬೈಕ್ ನಿಲ್ಲಿಸಿ, ರಸ್ತೆ ಪಕ್ಕ ಕೂತನಂತೆ. ಅಲ್ಲೇ ಹೋಟೆಲಿನವರು ನೀರು ಕೊಟ್ಟರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಹೃದಯ. ಅವನಿಗೆ ಆಗಿನ್ನೂ ತಲೆಗೂದಲು ಸಹ ನೆರೆತಿರಲಿಲ್ಲ.

ದೂರದಿಂದ ಬರುವವರಿದ್ದರೆಂದು ಒಂದು ದಿನ ಕಾಯಬೇಕಾಯಿತು. ಬಾಡಿಗೆಯ ಫ್ರೀಜರ್ ಪೆಟ್ಟಿಗೆ ತರಿಸಿ ನಡುಮನೆಯಲ್ಲಿಟ್ಟರು. ಅದರ ವೈರು ಗಿಡ್ಡ. ಹತ್ತಿರವಿದ್ದ ಸಾಕೆಟ್ಟಿನಿಂದ ಯಾರೋ ಒಂದು ಪ್ಲಗ್ ಕಿತ್ತು ಇದನ್ನು ಸಿಕ್ಕಿಸಿದರು. ಅಂಥ ಹೊತ್ತಿನಲ್ಲಿ ಯಾರು ಏನನ್ನು ನೋಡುತ್ತಾರೆ? ಕಿತ್ತಿದ್ದು ಅಕ್ವೇರಿಯಮ್ಮಿನ ಪ್ಲಗ್. ಅಣ್ಣನನ್ನು ನಮ್ಮ ಊರು ಕೊತ್ತಗೆರೆಯ ತೋಟದಲ್ಲಿ ಮಣ್ಣು ಮಾಡಿ ಬಂದು ನೋಡಿದರೆ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಮೀನುಗಳು ಮೇಲೆ ತೇಲುತ್ತಿದ್ದವು. ಒಂದೂ ಉಳಿದಿರಲಿಲ್ಲ.

ಅತ್ತಿಗೆ ಅದುವರೆಗೆ ಜೋರಾಗಿ ಅತ್ತಿರಲಿಲ್ಲ. ಆಗ ಅತ್ತಳು. ತೊಟ್ಟಿಯ ಮುಂದೆ ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ... ನೆಂಟರ ಹೆಂಗಸೊಬ್ಬರು ನನ್ನ ಕಿವಿಯಲ್ಲಿ, "ಗಂಡ ಹೋದಾಗ ಅಳ್ದೋಳು ಮೀನಿಗೆ ಅಳ್ತಾವ್ಳೆ ನೋಡೇ" ಎಂದರು.

ತೊಟ್ಟಿ ತೆಗೆಸಿಬಿಡಿ ಎಂದು ಎಲ್ಲರೂ ಹೇಳಿದರು. ಅತ್ತಿಗೆ ಕೆಟ್ಟ ನೀರನ್ನು ಬಕೆಟ್ಟಿನಲ್ಲಿ ತೋಡಿ ತೋಡಿ ಹೊರಗೆ ಚೆಲ್ಲಿದಳು. ಕಲ್ಲು, ಮರಳು ಎಲ್ಲವನ್ನೂ ತೊಳೆದಳು. ಹೊಸ ನೀರಿಗೆ ಉಪ್ಪು ಬೆರೆಸಿ ತುಂಬಿದಳು. ಮೀನಿಲ್ಲದ ತೊಟ್ಟಿಯಲ್ಲಿ ಪಂಪು ಓಡುತ್ತಿತ್ತು, ಸಂಜೆಯಾದರೆ ದೀಪ ಉರಿಯುತ್ತಿತ್ತು. ಲ್ಯಾಬಿನಿಂದ ಬಂದು ಅವಳು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಹೆಂಡತಿ. ಯಾರ ದುಃಖ ದೊಡ್ಡದು ಎಂದು ಒಳಗೊಳಗೇ ಅಳೆಯುತ್ತಿದ್ದರೇನೋ ಎಂದು ನನಗೆ ಆಗ ಅನ್ನಿಸುತ್ತಿತ್ತು.

ಅಣ್ಣ ಹೋಗಿ ವರ್ಷ ತುಂಬಿದ ಮೇಲೆ ಒಂದು ದಿನ ಅತ್ತಿಗೆ ಫೋನ್ ಮಾಡಿ, "ಬೆಂಗ್ಳೂರಿಗೆ ಹೋಗ್ಬೇಕು, ಜೊತೆಗೆ ಬರ್ತೀಯೇನೇ?" ಎಂದಳು. ಯಾಕೆಂದು ಹೇಳಲಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಸುಮ್ಮನೆ ಹೊರಗೆ ನೋಡುತ್ತಿದ್ದಳು. ಹೋಗಿದ್ದು ಉಪ್ಪುನೀರಿನ ಮೀನುಗಳ ಒಂದು ಅಂಗಡಿಗೆ.

ಅಂಗಡಿಯ ಯುವಕ ಬಣ್ಣಬಣ್ಣದ ಮೀನುಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದ. ಅತ್ತಿಗೆ ಯಾವುದಕ್ಕೂ ನಿಲ್ಲಲಿಲ್ಲ. ಕೊನೆಯ ಸಾಲಿನಲ್ಲಿ, ಕೆಳಗಿನ ಒಂದು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅದರಲ್ಲಿ ಕಿರುಬೆರಳಿನಷ್ಟುದ್ದದ ಮರಿಗಳಿದ್ದವು. ಆಗ ತಾನೇ ತೇಯ್ದ ಅರಿಶಿನದ ಕೊಂಬಿನ ಬಣ್ಣ. ಬೆನ್ನಿನ ರೆಕ್ಕೆಯ ಮೇಲೆ ಕಾಡಿಗೆಯಲ್ಲಿ ಇಟ್ಟ ಹಾಗೆ ಕಪ್ಪು ಚುಕ್ಕೆಗಳು.

"ಇವು ರಾಸ್ ಮೇಡಂ," ಎಂದ ಆ ಯುವಕ. "ಹಳದಿ ರಾಸ್. ಇನ್ನೂ ಮರಿ."

ಅತ್ತಿಗೆ ತಿರುಗಿ ನನ್ನ ಮುಖ ನೋಡಿದಳು. "ಕೇಳಿದ್ಯಾ? ರಾಸಂತೆ! ನಮ್ಮಪ್ಪ ಇದ್ದಿದ್ರೆ ಬಾಲ ಎತ್ತಿ ನೋಡೋರು" ಎಂದು ನಕ್ಕುಬಿಟ್ಟಳು. ಅಣ್ಣ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅವಳ ತಂದೆ ಗುಬ್ಬಿ ಸೀಮೆಯಲ್ಲಿ ರಾಸು, ಎಂದರೆ ದನ, ಸಾಕುತ್ತಿದ್ದವರು. ಕರು ಕೊಳ್ಳಲು ಹೋಗುವಾಗ ಚಿಕ್ಕ ಹುಡುಗಿಯಾಗಿದ್ದ ಇವಳನ್ನೂ ಕರೆದುಕೊಂಡು ಹೋಗುತ್ತಿದ್ದರಂತೆ. ನೋಡಿದ ಕೂಡಲೇ ಕೈ ಹಾಕಬಾರದು, ದೂರ ನಿಂತು ಅದು ಮೇಯುವುದನ್ನು ನೋಡಬೇಕು ಎನ್ನುತ್ತಿದ್ದರಂತೆ.

ಅತ್ತಿಗೆಯೂ ಹಾಗೆಯೇ ನೋಡಿದಳು. ಮೊದಲು ಅವಕ್ಕೆ ತಿನ್ನಲು ಹಾಕಿಸಿದಳು. ಮುಂದೆ ಬಂದು ತಿಂದವು ಯಾವುವು, ಹಿಂದೆ ಉಳಿದವು ಯಾವುವು ಎಂದು ಗಮನಿಸಿದಳು. ಎಲ್ಲಕ್ಕಿಂತ ಚಿಕ್ಕದಾಗಿದ್ದ ಒಂದು ಮರಿ ನನಗೆ ಬಹಳ ಹಿಡಿಸಿತ್ತು. "ಬೇಡ ಕಣೇ, ಅಷ್ಟು ಎಳೇದು ದಾರೀಲೇ ಸೊರಗಿಹೋಗುತ್ತೆ. ಹೊಟ್ಟೆ ನೋಡು, ಒಳಕ್ಕೆ ಹೋಗಿದೆ" ಎಂದಳು. ಇನ್ನೊಂದರ ಮೂತಿ ಗಾಯವಾಗಿತ್ತು. ಈ ಜಾತಿಗೆ ಹೆದರಿಕೆಯಾದರೆ ಮರಳೊಳಗೆ ನುಗ್ಗುವ ಅಭ್ಯಾಸ. ಅಂಗಡಿಯ ತೊಟ್ಟಿಯಲ್ಲಿ ಮರಳಿರಲಿಲ್ಲವಾದ್ದರಿಂದ ಬರಿಗಾಜಿಗೆ ಮೂತಿ ಹೊಡೆದುಕೊಂಡಿತ್ತು. ಅದನ್ನೂ ಬಿಟ್ಟಳು. ಕಣ್ಣು ಹೊರಳಿಸುತ್ತಾ, ಹೊಟ್ಟೆ ತುಂಬಿಕೊಂಡು, ಗಾಜಿನ ಹತ್ತಿರ ಬಂದು ನಮ್ಮನ್ನೇ ಪರೀಕ್ಷೆ ಮಾಡುತ್ತಿದ್ದ ಮೂರು ಮರಿಗಳನ್ನು ಆರಿಸಿದಳು. ಅಷ್ಟು ಹೊತ್ತಿಗೆ ಅಂಗಡಿಯವನಿಗೆ ಸಾಕಾಗಿತ್ತು, ನನಗೆ ಹಸಿವಾಗಿತ್ತು.

ಮನೆಗೆ ಬಂದು, ತೊಟ್ಟಿಯ ನೀರನ್ನು ತೊಟ್ಟು ತೊಟ್ಟಾಗಿ ಅವುಗಳ ನೀರಿಗೆ ಬೆರೆಸಿ, ನಿಧಾನವಾಗಿ ಒಳಗೆ ಬಿಟ್ಟಳು. ಮೂರೂ ಒಂದು ಕ್ಷಣ ದಿಗ್ಭ್ರಮೆಯಾದಂತೆ ನಿಂತವು. ಆಮೇಲೆ ತಲೆ ಕೆಳಗೆ ಮಾಡಿ ಮರಳಿನೊಳಗೆ ಹೊಕ್ಕು ಮಾಯವಾದವು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಮ್ಮ ಎರಡು ಸಲ ಇಣುಕಿ ನೋಡಿ, "ಸತ್ತೋಗವೆ ಬುಡು. ಕೋಲಲ್ಲಿ ಕೆದಕಿ ತೆಗೆದುಬುಡು, ನೀರು ನಾರ್ತದೆ" ಎಂದಳು.

"ಕೆದಕಬಾರದು ಅತ್ತೆ. ಹೆದರಿಕೊಂಡು ಮಲಗಿವೆ. ಹೊಸ ಜಾಗ ಅಲ್ವಾ? ತಾವಾಗೇ ಏಳಲಿ."

ಅವಳು ಕಾದಳು. ಲ್ಯಾಬಿಗೆ ಹೋಗುವ ಮೊದಲು, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ ಬಂದ ಮೇಲೆ, ಮರಳನ್ನೇ ನೋಡುತ್ತಾ ಕೂತಿರುತ್ತಿದ್ದಳು. ಆ ವಾರದ ಕೊನೆಯಲ್ಲಿ ನಾನು ಮನೆಯಲ್ಲಿದ್ದಾಗ, ಬೆಳಗಿನ ಕಾಫಿಯ ಹೊತ್ತಿಗೆ, ಮರಳು ಒಂದು ಕಡೆ ಸಣ್ಣಗೆ ಅಲುಗಿತು. ಮೊದಲು ಎರಡು ಕಣ್ಣುಗಳು ಮಾತ್ರ ಹೊರಬಂದವು. ಅವು ಆ ಕಡೆ ಈ ಕಡೆ ಹೊರಳಿದವು. ಅತ್ತಿಗೆ ನನ್ನ ಮುಂಗೈ ಹಿಡಿದುಕೊಂಡಳು. ಆ ಹಿಡಿತ ಈಗಲೂ ನೆನಪಿದೆ... ಹಳದಿ ಮರಿಯೊಂದು ಮೈಕೊಡವಿ ಮೇಲೆದ್ದಿತು. ಸಂಜೆಗೆ ಎರಡನೆಯದು ಬಂತು. ಮೂರನೆಯದು ಬರಲೇ ಇಲ್ಲ.

ನಿಜವಾದ ತೊಂದರೆ ಶುರುವಾಗಿದ್ದು ಆಮೇಲೆ. ಎದ್ದ ಮರಿಗಳು ಒಣ ಕಾಳನ್ನು ಮೂಸಿಯೂ ನೋಡಲಿಲ್ಲ. ಅವು ಮಾಂಸಾಹಾರಿಗಳು. ಎಳೆಯವಕ್ಕೆ ಸಣ್ಣ ಸಣ್ಣ ಸೀಗಡಿ ಬೇಕು, ಅದೂ ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ. ನಮ್ಮದು ಲಿಂಗಪೂಜೆಯಾಗದೆ ಬಾಯಿಗೆ ನೀರು ಬೀಳದ ಮನೆ. ಒಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಅತ್ತಿಗೆ ಧೂಳಿನಂಥ ಸೀಗಡಿ ಮೊಟ್ಟೆಗಳನ್ನು ತಂದು ಉಪ್ಪುನೀರಿನ ಬಾಟಲಿಯಲ್ಲಿ ಹಾಕಿ, ಕಿಟಕಿಯಲ್ಲಿಟ್ಟು ಮರಿ ಮಾಡಿಸಿದಳು. ಜೊತೆಗೆ ಹಿಮಗಟ್ಟಿಸಿದ ಸೀಗಡಿಯ ಪೊಟ್ಟಣ ತಂದು, ಡಬ್ಬಿಯೊಳಗೆ ಡಬ್ಬಿ ಹಾಕಿ, ಫ್ರಿಜ್ಜಿನಲ್ಲಿಟ್ಟಳು. ಮುಚ್ಚಿಡಲಿಲ್ಲ, ಅಮ್ಮನಿಗೆ ಹೇಳಿಯೇ ಇಟ್ಟಳು.

ಅಮ್ಮ ಅವತ್ತಿನಿಂದ ಆ ಫ್ರಿಜ್ಜು ತೆರೆಯಲಿಲ್ಲ. ಹಾಲು, ಮೊಸರು ಎಲ್ಲವನ್ನೂ ಹೊರಗಿಟ್ಟಳು. ಹಿತ್ತಿಲಲ್ಲಿ ಒಂದು ಸ್ಟೌ ಇಟ್ಟುಕೊಂಡು ತನ್ನ ಅನ್ನ ತಾನೇ ಬೇಯಿಸಿಕೊಂಡಳು. ಒಂದೇ ಮನೆಯಲ್ಲಿ ಎರಡು ಅಡುಗೆ. ನಾನು ಬಂದರೆ ಯಾರ ಅಡುಗೆ ಉಣ್ಣುವುದೆಂದು ತಿಳಿಯದೆ ಹಸಿವಿಲ್ಲ ಎನ್ನುತ್ತಿದ್ದೆ.

ಸುದ್ದಿ ಕೊತ್ತಗೆರೆಗೆ ಮುಟ್ಟಿ ದೊಡ್ಡಪ್ಪ ಬಂದರು. ನಮ್ಮ ತಂದೆ ತೀರಿಕೊಂಡ ಮೇಲೆ ಮನೆಯ ಹಿರಿಯರು ಅವರೇ. ನಡುಮನೆಯಲ್ಲಿ ಕೂತು, ತೊಟ್ಟಿಯ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

"ನೋಡವ್ವ, ಕೊಳ್ಳಾಗೆ ಲಿಂಗ ಕಟ್ಕಂಡು ಆ ಹಾಳು ಸೀಗಡಿ ಮುಟ್ಟೋದು ಸರಿ ಬರಾಕಿಲ್ಲ. ನಾಳೆ ಮಠದ ಕಡೇರು, ನೆಂಟ್ರು ಬಂದ್ರೆ ಏನಂತೀಯ? ಯಾರಿಗಾರ ಕೊಟ್ಬುಡು."

ಅತ್ತಿಗೆ ಬಾಗಿಲ ಹತ್ತಿರ ನಿಂತಿದ್ದಳು. "ನಾನು ತಿಂತಾ ಇಲ್ಲ ಮಾವ. ಅವು ತಿನ್ನೋದು. ಮುದ್ದೆ ಹಾಕಿದ್ರೆ ಅವು ಬದುಕಲ್ಲ."

"ಅದ್ಕೇ ಕಣವ್ವ, ಕೊಟ್ಬುಡು ಅಂದಿದ್ದು."

"ನಾನೇ ಆರಿಸಿ ತಂದಿದೀನಿ. ಒಂದು ಆಗ್ಲೇ ಸತ್ತೋಯ್ತು. ಇನ್ನೆರಡನ್ನ ಉಪವಾಸ ಕೆಡವೋಕೂ ಆಗಲ್ಲ, ಕೊಡೋಕೂ ಆಗಲ್ಲ." ದನಿ ಏರಿಸದೆಯೇ ಹೇಳಿದಳು: "ಅತ್ತೆಗೆ ಕಷ್ಟ ಆಗ್ತಿರೋದು ನಂಗೂ ಗೊತ್ತು. ಇಲ್ಲೇ ಹತ್ತಿರದಲ್ಲಿ ಒಂದು ಸಣ್ಣ ಮನೆ ನೋಡ್ಕೋತೀನಿ. ದಿನಾ ಬಂದು ಅವ್ರಿಗೆ ಬೇಕಾದ್ದು ಮಾಡಿಕೊಡ್ತೀನಿ."

ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಇನ್ನೂ ಸೌಟಿತ್ತು.

"ಯಾರೂ ಎಲ್ಲಿಗೂ ಹೋಗೋದು ಬ್ಯಾಡ. ಮಗ ಹೋದ. ಇವಳೂ ಹೋದ್ರೆ ಈ ಮನೇಲಿ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದು ದೊಡ್ಡಪ್ಪನ ಕಡೆ ತಿರುಗಿ ಹೇಳಿದಳು. ಆಮೇಲೆ ಅತ್ತಿಗೆಯ ಮುಖ ನೋಡದೆ, "ಆ ಕಸ ನನ್ನ ಅಡುಗೆಮನೆಗೆ ಬರಬಾರದು. ಅಷ್ಟೇ" ಎಂದು ಒಳಗೆ ಹೋದಳು.

ಹೊರಗಡೆ ಮಹಡಿ ಮೆಟ್ಟಿಲ ಕೆಳಗೆ ಒಂದು ಪುಟ್ಟ ಫ್ರಿಜ್ಜು ಬಂತು. ಬಾಟಲಿಗಳೂ ಅಲ್ಲಿಗೆ ಹೋದವು. ಅತ್ತಿಗೆ ತನ್ನ ಬೆಳಗಿನ ಕ್ರಮವನ್ನೇ ಬದಲಿಸಿಕೊಂಡಳು. ಎದ್ದ ಕೂಡಲೇ ಮೀನಿನ ಕೆಲಸ, ಆಮೇಲೆ ತಲೆ ಮೇಲೆ ನೀರು, ಆಮೇಲೆ ವಿಭೂತಿ, ಪೂಜೆ. ಅವಳು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಅಮ್ಮ ಮಾತಾಡಿಸುತ್ತಿರಲಿಲ್ಲ. ಹಿತ್ತಿಲ ಸ್ಟೌ ಯಾವಾಗ ಒಳಗೆ ಬಂತೋ ನನಗೆ ತಿಳಿಯದು. ಒಂದು ಸಲ ಹೋದಾಗ ಇಬ್ಬರೂ ಒಂದೇ ಪಾತ್ರೆಯಿಂದ ಸಾರು ಬಡಿಸಿಕೊಂಡು ಉಣ್ಣುತ್ತಿದ್ದರು.

ಮರಿಗಳು ಬೆಳೆದವು. ಅವನ್ನು ಬೆಳೆಸುವುದು ಸುಲಭದ ಕೆಲಸವಾಗಿರಲಿಲ್ಲ. ಮುಚ್ಚಳ ಒಂಚೂರು ಸರಿದಿದ್ದರೂ ಹೊರಗೆ ಹಾರುವ ಜಾತಿ ಅದು. ಅತ್ತಿಗೆ ಸೊಳ್ಳೆಪರದೆಯ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ಮುಚ್ಚಳ ಮಾಡಿದಳು. ಬೇಸಗೆಯಲ್ಲಿ ನೀರು ಕಾಯುತ್ತದೆಂದು ಟೇಬಲ್ ಫ್ಯಾನನ್ನು ತೊಟ್ಟಿಯ ಕಡೆ ತಿರುಗಿಸಿ ತಾನು ಬೆವರುತ್ತಾ ಮಲಗುತ್ತಿದ್ದಳು. ಕರೆಂಟ್ ಹೋದರೆ ಬ್ಯಾಟರಿ ಪಂಪು ಹಾಕಲು ಲ್ಯಾಬಿನಿಂದ ಓಡಿ ಬರುತ್ತಿದ್ದಳು. ಒಣ ಕಾಳು ತಿನ್ನುವುದನ್ನು ಕಲಿಸಲು ಅದನ್ನು ಸೀಗಡಿಯ ನೀರಲ್ಲಿ ನೆನೆಸಿ, ಒಂದೊಂದೇ ಚೂರು ಬೆರೆಸಿ ಕೊಟ್ಟಳು. ಅವು ಬಾಯಿಗೆ ಹಾಕಿಕೊಂಡು ಉಗಿಯುತ್ತಿದ್ದವು. ಹಟಮಾರಿ ಮಕ್ಕಳಿಗೆ ಸೊಪ್ಪಿನ ಪಲ್ಯ ತಿನ್ನಿಸುವವರ ತಾಳ್ಮೆಯಿಂದ ಮತ್ತೆ ಮರುದಿನ ಕೊಡುತ್ತಿದ್ದಳು.

ಅಮ್ಮ ಮೀನಿನ ಹತ್ತಿರ ಬರುತ್ತಿರಲಿಲ್ಲ. ಆದರೆ ಅವಳ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. ರೆಕ್ಕೆಯ ಮೇಲಿನ ಕಪ್ಪು ಚುಕ್ಕೆಗಳನ್ನು ಅವಳು ದೃಷ್ಟಿಬೊಟ್ಟು ಎನ್ನುತ್ತಿದ್ದಳು. ಎಷ್ಟೋ ತಿಂಗಳ ಮೇಲೆ, "ಆ ದಪ್ಪಗಿರೋದ್ರ ದೃಷ್ಟಿಬೊಟ್ಟು ಅಳಿಸಿಹೋಗ್ತಾ ಅದಲ್ಲ, ಕಾಯಿಲೆಯೇನೋ ನೋಡು" ಎಂದು ಮೊದಲು ಹೇಳಿದವಳು ಅವಳೇ. ಕಾಯಿಲೆಯಾಗಿರಲಿಲ್ಲ. ಮುಂದಿನ ಒಂದು ಬೊಟ್ಟು ಮಾತ್ರ ಉಳಿದು, ಕೆನ್ನೆಯ ಮೇಲೆ ಹಸಿರು ಗೆರೆಗಳು ಮೂಡುತ್ತಿದ್ದವು. ಈ ಜಾತಿಯಲ್ಲಿ ಎಲ್ಲವೂ ಮೊದಲು ಹೆಣ್ಣಾಗಿಯೇ ಇದ್ದು, ಗಂಡಿಲ್ಲದ ಕಡೆ ದೊಡ್ಡದೊಂದು ಗಂಡಾಗುತ್ತದೆ ಎಂದು ಅತ್ತಿಗೆ ವಿವರಿಸಿದಾಗ ಅಮ್ಮ "ಶಿವ ಶಿವಾ" ಎಂದು ಬಾಯಿಗೆ ಸೆರಗು ಹಿಡಿದಳು. ಎದುರುಮನೆಯಾಕೆ ಅದನ್ನು ಕೇಳಿ, "ನಿಮ್ ಥರಾನೇ ಬಿಡಿ, ಗಂಡಿನ ಜಾಗದಲ್ಲಿ ನಿಂತು ಮನೆ ನಡೆಸ್ತಿದೀರ" ಎಂದರು. ಅತ್ತಿಗೆಗೆ ಅದು ಇಷ್ಟವಾಗಲಿಲ್ಲ. "ಮೀನು ಮೀನೇ ಕಣ್ರೀ. ನಾನು ಯಾರ ಜಾಗದಲ್ಲೂ ನಿಂತಿಲ್ಲ" ಎಂದು ಎದ್ದುಹೋದಳು.

ಸಂಜೆ ದೀಪ ಆರುವ ಮೊದಲೇ ಅವು ಮರಳೊಳಗೆ ಹೋಗಿ ಮಲಗುತ್ತಿದ್ದವು, ಬೆಳಕು ಹರಿದ ಮೇಲೆ ಏಳುತ್ತಿದ್ದವು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅಮ್ಮ. ಒಂದು ದಿನ ಬೆಳಿಗ್ಗೆ ಅಂಗಳ ಗುಡಿಸಿ ಒಳಗೆ ಬಂದವಳು, "ಎದ್ದವೆ ನೋಡು ನಿನ್ನ ಮಕ್ಳು" ಎಂದುಬಿಟ್ಟಳು. ಅತ್ತಿಗೆ ಹಾಸಿಗೆ ಮಡಚುತ್ತಿದ್ದಳು. ನಾನೂ ಅಲ್ಲೇ ಇದ್ದೆ. ಮಕ್ಕಳು ಎನ್ನುವ ಮಾತು ಆ ಮನೆಯಲ್ಲಿ ಅಷ್ಟು ಸಲೀಸಾಗಿ ಬಂದದ್ದಿಲ್ಲ. ಅಮ್ಮನಿಗೆ ತಾನು ಆಡಿದ್ದು ಕೇಳಿಸಿತೇನೋ, ಪೊರಕೆ ಹಿಡಿದುಕೊಂಡೇ ನಿಂತಳು. ಅತ್ತಿಗೆ ಕಂಬಳಿಯ ಮಡಿಕೆ ಸರಿಮಾಡುತ್ತಾ, "ಹೂಂ ಅತ್ತೆ, ಬಂದೆ" ಎಂದಳು. ಅಷ್ಟೇ... ಆದರೆ ಅವತ್ತು ಅವಳು ಲ್ಯಾಬಿಗೆ ಹೋಗುವಾಗ ಅಮ್ಮ ಗೇಟಿನವರೆಗೂ ಬಂದು ನಿಂತಿದ್ದಳು.

ಕಾಯಿಲೆ ಅತ್ತಿಗೆಗೆ ಬಂತು. ಹೊಟ್ಟೆನೋವು ಎಂದು ಸುಮಾರು ದಿನ ಮಾತ್ರೆ ನುಂಗಿಕೊಂಡು ಇದ್ದಳು. ದಿನವಿಡೀ ಬೇರೆಯವರ ರಕ್ತ ಪರೀಕ್ಷಿಸುವವಳು ತನ್ನದನ್ನು ತಡಮಾಡಿ ಪರೀಕ್ಷಿಸಿಕೊಂಡಳು. ಕ್ಯಾನ್ಸರ್, ಆಗಲೇ ಹರಡಿತ್ತು. ಬೆಂಗಳೂರಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ಒಮ್ಮೊಮ್ಮೆ ವಾರಗಟ್ಟಲೆ ಅಲ್ಲೇ ಇರಬೇಕಾಗುತ್ತಿತ್ತು. ಗುಬ್ಬಿಯಿಂದ ಅವಳ ತಂಗಿ ಬಂದು ಜೊತೆಗಿರುತ್ತಿದ್ದಳು. ಮೀನಿನ ಕೆಲಸ ನಾನು ವಹಿಸಿಕೊಂಡೆ. ಕಾಲೇಜು ಮುಗಿಸಿ ಕುಣಿಗಲ್ಲಿನಿಂದ ಬಂದು, ಸೀಗಡಿ ಕರಗಿಸಿ ಹಾಕಿ, ಕಡೇ ಬಸ್ಸಿಗೆ ವಾಪಸು ಹೋಗುತ್ತಿದ್ದೆ.

ಒಂದು ದಿನ ಜೋರು ಮಳೆ. ದಾರಿಯಲ್ಲಿ ಮರ ಬಿದ್ದು ಬಸ್ಸುಗಳು ನಿಂತುಬಿಟ್ಟವು. ಬರಲಾಗುವುದಿಲ್ಲ ಎಂದು ಅಮ್ಮನಿಗೆ ಫೋನ್ ಮಾಡಿದೆ. ಒಂದು ದಿನ ತಿನ್ನದಿದ್ದರೆ ಅವಕ್ಕೇನೂ ಆಗುವುದಿಲ್ಲ ಎಂದೂ ಹೇಳಿದೆ. ಅಮ್ಮ "ಸರಿ" ಎಂದು ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಮಾಡಿದಳು.

"ಅದನ್ನ ಎಷ್ಟೇ ಹಾಕೋದು?"

ನನಗೆ ಮೊದಲು ಅರ್ಥವಾಗಲಿಲ್ಲ. "ಯಾವುದನ್ನ ಅಮ್ಮ?"

"ಅದೇ... ಮೆಟ್ಲ ಕೆಳಗಿರೋದು. ಎರಡೂ ಬಂದು ಗಾಜಿಗೆ ಮೂತಿ ಇಟ್ಕಂಡು ನನ್ನೇ ನೋಡ್ತಾ ಅವೆ. ಹಸ್ಗಂಡವೆ. ನಂಗೆ ಊಟ ಸೇರ್ತಾ ಇಲ್ಲ."

ನಾನು ಹೇಳಿದೆ. ಚಿಕ್ಕ ಚೂರು, ಒಂದು ಲೋಟ ತೊಟ್ಟಿ ನೀರಲ್ಲಿ ಕರಗಿಸಿ, ಚಮಚದಲ್ಲಿ... ಅಮ್ಮ ಹೂಂಗುಟ್ಟುತ್ತಾ ಕೇಳಿಸಿಕೊಂಡಳು. "ಆಮೇಲೆ ಸ್ನಾನ ಮಾಡ್ತೀನಿ ಬುಡು" ಎಂದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ. ಎಪ್ಪತ್ತು ದಾಟಿದ ಹೆಂಗಸು ಆ ಮಳೆಯಲ್ಲಿ ಮೆಟ್ಟಿಲ ಕೆಳಗೆ ಹೋಗಿ, ಜನ್ಮದಲ್ಲಿ ಮುಟ್ಟದಿದ್ದುದನ್ನು ಮುಟ್ಟಿ, ಮತ್ತೆ ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂತಳು. ಅಂದಿನಿಂದ ನಾನು ದಿನಾ ಬರುವ ಅಗತ್ಯ ಬೀಳಲಿಲ್ಲ. ಅಮ್ಮನ ಬೆಳಗಿನ ಕ್ರಮವೂ ಬದಲಾಯಿತು. ಎದ್ದ ಕೂಡಲೇ ಮೀನು, ಆಮೇಲೆ ಸ್ನಾನ, ಆಮೇಲೆ ಪೂಜೆ. ಇದನ್ನು ಅತ್ತಿಗೆಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು.

ಅತ್ತಿಗೆ ಆ ಸಲ ಮನೆಗೆ ಬಂದಾಗ ಗುರುತು ಸಿಗದ ಹಾಗೆ ಇಳಿದುಹೋಗಿದ್ದಳು. ತಲೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡಿದ್ದಳು. ತೊಟ್ಟಿಯ ಮುಂದೆ ಅವಳ ಕುರ್ಚಿ ಹಾಕಿ ಕೂರಿಸಿದೆವು. ಮೀನುಗಳು ಒಮ್ಮೆ ಅವಳ ಹತ್ತಿರ ಬಂದವು. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಎರಡೂ ಸರ್ರನೆ ತಿರುಗಿ, ಗಾಜಿನುದ್ದಕ್ಕೂ ಅಮ್ಮ ನಡೆದ ಕಡೆಗೇ ಹಿಂಬಾಲಿಸಿದವು. ಅಮ್ಮ ನಿಂತಳು. ಅವೂ ನಿಂತವು.

ಅತ್ತಿಗೆ ಮೀನುಗಳನ್ನು ನೋಡಿದಳು. ಆಮೇಲೆ ಅಮ್ಮನನ್ನು. ಅಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಅತ್ತೆ," ಎಂದಳು ಅತ್ತಿಗೆ ಕೊನೆಗೆ, "ಸ್ವಲ್ಪ ಕಮ್ಮಿ ಹಾಕಿ. ಬೊಜ್ಜು ಬಂದಿದೆ."

"ನೀನು ಹಾಕ್ದಾಗ ಒಣಕ್ಕಂಡಿದ್ವು. ಈಗ ಮೈ ಕಟ್ಕಂಡವೆ," ಎಂದಳು ಅಮ್ಮ.

ಅತ್ತಿಗೆ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅಮ್ಮ ಹತ್ತಿರ ಹೋಗಿ ಅವಳ ತಲೆಯ ವಸ್ತ್ರ ಸರಿಮಾಡುವ ನೆಪದಲ್ಲಿ, ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ನಾನು ಬಟ್ಟೆ ತೆಗೆಯುವ ನೆಪದಲ್ಲಿ ಮಹಡಿಗೆ ಹೋದೆ. ಅಲ್ಲಿ ಬಟ್ಟೆಯೇನೂ ಇರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳು ಅದೇ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಅಮ್ಮ ಮಾಡುತ್ತಿದ್ದಳು, ಅವಳು ಹೇಳುತ್ತಿದ್ದಳು. ಉಪ್ಪು ಎಷ್ಟು, ನೀರು ಎಷ್ಟು, ಜಾಲರಿ ಹೇಗೆ ತೊಳೆಯಬೇಕು. ಅಮ್ಮ ಒಂದೊಂದಕ್ಕೂ ಎದುರು ವಾದಿಸಿ, ಕೊನೆಗೆ ಅವಳು ಹೇಳಿದ ಹಾಗೆಯೇ ಮಾಡುತ್ತಿದ್ದಳು. ಅವರಿಬ್ಬರ ಜಗಳ ಕೇಳುತ್ತಾ ಕೂರುವುದು ಆಗ ನನಗೆ ಒಂದು ಸಮಾಧಾನವಾಗಿತ್ತು. ದಿನದಿಂದ ದಿನಕ್ಕೆ ಅತ್ತಿಗೆಯ ದನಿ ಸಣ್ಣದಾಗುತ್ತಾ ಹೋಯಿತು. ಕಡೆಗೆ ಬೆರಳಿನಲ್ಲಿ ತೋರಿಸುತ್ತಿದ್ದಳು, ಅಮ್ಮನಿಗೆ ಅರ್ಥವಾಗುತ್ತಿತ್ತು...

ಅವಳು ತೀರಿಕೊಂಡಿದ್ದು ಆಸ್ಪತ್ರೆಯಲ್ಲಿ. ಅಲ್ಲಿಂದ ನೇರವಾಗಿ ಕೊತ್ತಗೆರೆಗೆ ಕರೆದುಕೊಂಡು ಹೋದೆವು. ತೆಂಗಿನ ತೋಟದಲ್ಲಿ ಅಣ್ಣನ ಪಕ್ಕದಲ್ಲಿ ಗುಂಡಿ ತೋಡಿದ್ದರು. ಕೂರಿಸಿ, ವಿಭೂತಿ ಹಚ್ಚಿ, ಎಲ್ಲರೂ ಬಿಲ್ವಪತ್ರೆ ಹಾಕಿದರು. ದೊಡ್ಡಪ್ಪ ಮೂಲೆಯಲ್ಲಿ ನಿಂತು ಮಗುವಿನ ಹಾಗೆ ಅತ್ತರು. ಅಮ್ಮ ಅಳಲಿಲ್ಲ. ಒಂದು ಹಿಡಿ ಮಣ್ಣು ಹಾಕಿ, ಕೈಯನ್ನು ಒರೆಸಿಕೊಳ್ಳದೆ ಹಾಗೆಯೇ ಹಿಡಿದುಕೊಂಡು ಕಾರು ಹತ್ತಿದಳು.

ಸಂಜೆಗೆ ಬಟವಾಡಿ ತಲುಪಿದೆವು. ಮಣ್ಣು ಮಾಡಿ ಬಂದವರು ಸ್ನಾನ ಮಾಡದೆ ಒಳಗೆ ಹೋಗಬಾರದೆಂದು ಯಾರೋ ಹಿತ್ತಿಲಲ್ಲಿ ನೀರು ಕಾಯಿಸಿಟ್ಟಿದ್ದರು. ಅಮ್ಮ ಹಿತ್ತಿಲಿಗೆ ಹೋಗಲಿಲ್ಲ. ಮೆಟ್ಟಿಲ ಕೆಳಗೆ ಹೋಗಿ ಬಗ್ಗಿ, ಪುಟ್ಟ ಫ್ರಿಜ್ಜು ತೆರೆದು ಸೀಗಡಿಯ ಚೂರೊಂದನ್ನು ಮುರಿದು ಲೋಟಕ್ಕೆ ಹಾಕಿಕೊಂಡಳು. ನೆಂಟರೆಲ್ಲ ನೋಡುತ್ತಾ ನಿಂತರು. ಯಾರೋ ಏನೋ ಹೇಳಲು ಹೋದರು.

"ಹೆಂಗೂ ಸ್ನಾನ ಮಾಡ್ಲೇಬೇಕಲ್ಲ," ಎಂದಳು ಅಮ್ಮ. "ಬೆಳಿಗ್ಗೆಯಿಂದ ಉಪವಾಸ ಅವೆ."

ಅದಾಗಿ ಕೆಲವು ವರ್ಷಗಳಾಗಿವೆ. ಎರಡರಲ್ಲಿ ಚಿಕ್ಕದು, ಹೆಣ್ಣಾಗಿಯೇ ಉಳಿದಿದ್ದು, ಒಂದು ಬೆಳಿಗ್ಗೆ ಮರಳಿನಿಂದ ಏಳಲಿಲ್ಲ. ದೊಡ್ಡದು ಇನ್ನೂ ಇದೆ. ಬಣ್ಣ ಸ್ವಲ್ಪ ಮಾಸಿದೆ, ಏಳುವುದು ತಡ, ಮಲಗುವುದು ಬೇಗ. ನಾನು ಈಗ ತುಮಕೂರಿಗೇ ವರ್ಗ ಮಾಡಿಸಿಕೊಂಡು, ಸಂಸಾರ ಸಮೇತ ಅಮ್ಮನ ಜೊತೆಗಿದ್ದೇನೆ. ನೀರು ಬದಲಿಸುವ ಕೆಲಸ ನನ್ನದು. ತಿನ್ನಿಸುವುದನ್ನು ಅಮ್ಮ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮನೆಗೆ ಹೊಸಬರು ಯಾರಾದರೂ ಬಂದರೆ ಮೊದಲು ತೊಟ್ಟಿಯ ಹತ್ತಿರ ಹೋಗುತ್ತಾರೆ. ಅಮ್ಮ ಅದರ ವಿಷಯ ಹೇಳಲು ಶುರುಮಾಡುತ್ತಾಳೆ. "ನನ್ನ ಸೊಸೆ ಸಾಕಿರೋದು. ಅವಳು ಹಿಂಗೇ ಚಮಚದಲ್ಲಿ ಹಾಕ್ತಾಳೆ. ನೀರಿಗೆ ಬೆರಳು ಅದ್ದಿದ್ರೆ ಬಯ್ತಾಳೆ" ಎನ್ನುತ್ತಾಳೆ. ಹಾಕ್ತಾಳೆ, ಬಯ್ತಾಳೆ. ಕೇಳಿದವರು ಸೊಸೆ ಎಲ್ಲೋ ಕೆಲಸಕ್ಕೆ ಹೋಗಿದ್ದಾಳೆ ಎಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ಎಷ್ಟ್ ಹೊತ್ತಿಗೆ ಬರ್ತಾರೆ ಎಂದು ಯಾರಾದರೂ ಕೇಳಿದರೆ ಅಮ್ಮ ಮಾತು ಬದಲಿಸಿ, ಕಾಫಿ ತರಲು ಒಳಗೆ ಹೋಗುತ್ತಾಳೆ.

ಮೊನ್ನೆ ಮಹಡಿಗೆ ಬಾಡಿಗೆಗೆ ಬಂದ ಹೆಣ್ಣುಮಗಳು ಕೆಳಗೆ ಬಂದು ತೊಟ್ಟಿ ನೋಡುತ್ತಾ ನಿಂತಿದ್ದಳು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಅಮ್ಮ ಎಂದಿನಂತೆ ಶುರುಮಾಡಿದಳು. ಮೀನು ಹೇಗೆ ಮರಿಯಾಗಿ ಬಂತು, ಹೇಗೆ ಮರಳಲ್ಲಿ ಅಡಗಿತು, ಮನೆಯಲ್ಲಿ ಹೇಗೆ ಜಗಳವಾಯಿತು.

"ಅವಳು ಕೆದಕಬೇಡಿ ಅಂದ್ಲು ಕಣಮ್ಮ. ಈ ಕುರ್ಚಿ ಮೇಲೆ ಕೂತು ಕಾಯ್ತಿದ್ಲು. ಭಾಳ ಒಳ್ಳೇವ್ಳು, ಹಟ ಮಾತ್ರ ಜಾಸ್ತಿ ಇತ್ತು. ನಂಜೊತೆ ದಿನಾ ಜಗಳ ಆಡ್ತಿದ್ಲು."

ಆಡ್ತಾಳೆ ಅಲ್ಲ, ಆಡ್ತಿದ್ಲು. ನಾನು ನಲ್ಲಿ ನಿಲ್ಲಿಸಿದೆ. ನಡುಮನೆಯಲ್ಲಿ ಅಮ್ಮನೂ ಮಾತು ನಿಲ್ಲಿಸಿದ್ದಳು. ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು.